ಪೋರ್ಚುಗಲ್‌ನ ಹಳೆಯ ನಗರಗಳು, ದೌರೊ ಕಣಿವೆಯ ದ್ರಾಕ್ಷಿ ತೋಟಗಳು: ನಿಧಾನ ಪ್ರವಾಸವನ್ನು ಯೋಜಿಸುವ ಬಗೆ

ಪೋರ್ಚುಗಲ್ ಚಿಕ್ಕ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧದಷ್ಟೂ ಇಲ್ಲ. ರಾಜಧಾನಿ ಲಿಸ್ಬನ್‌ನಿಂದ ಉತ್ತರದ ಪೋರ್ಟೊ ನಗರಕ್ಕೆ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಊರುಗಳು ಇಷ್ಟು ಹತ್ತಿರವಿರುವುದರಿಂದಲೇ ಈ ದೇಶವನ್ನು ನಾಲ್ಕೈದು ದಿನಗಳಲ್ಲಿ ಮುಗಿಸಿ ಸ್ಪೇನ್‌ಗೆ ದಾಟಿಸುವ ಪ್ಯಾಕೇಜುಗಳು ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತವೆ. ಅಂಥ ಪ್ರವಾಸದಲ್ಲಿ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದು, ಸಂಜೆ ಪೆಟ್ಟಿಗೆ ಬಿಚ್ಚುವುದು, ನಡುವೆ ಬಸ್ಸಿನ ಕಿಟಕಿಯಿಂದ ಗೋಪುರಗಳನ್ನು ನೋಡುವುದು, ಇವುಗಳಲ್ಲೇ ಸಮಯ ಕಳೆದುಹೋಗುತ್ತದೆ. ಮಾರ್ಗದರ್ಶಕರ ಜೊತೆಗೆ, ಆದರೆ ಅವಸರವಿಲ್ಲದೆ, ಈ ದೇಶದ ಐತಿಹಾಸಿಕ ನಗರಗಳನ್ನೂ ವೈನ್ ತಯಾರಾಗುವ ಸೀಮೆಯನ್ನೂ ನೋಡಬೇಕೆನ್ನುವವರಿಗೆ, ಅದರಲ್ಲೂ ಐವತ್ತು ದಾಟಿದ ದಂಪತಿಗಳಿಗೂ ಹಿರಿಯರನ್ನು ಕರೆದೊಯ್ಯುವ ಮಕ್ಕಳಿಗೂ ಉಪಯೋಗವಾಗಲೆಂದು ಈ ಕೈಪಿಡಿಯನ್ನು ಬರೆದಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು ದಾರಿಯ ಕ್ರಮ. ಬಹುತೇಕ ಪ್ರವಾಸಗಳು ಲಿಸ್ಬನ್‌ನಿಂದ ನೇರವಾಗಿ ಪೋರ್ಟೊಗೆ ಹೋಗಿ, ಅಲ್ಲಿಂದ ದೌರೊ ಕಣಿವೆಗೆ ಒಂದು ದಿನದ ಮಟ್ಟಿಗೆ ಹೋಗಿಬಂದು, ಮತ್ತೆ ಲಿಸ್ಬನ್‌ಗೆ ಮರಳಿ ವಿಮಾನ ಹತ್ತಿಸುತ್ತವೆ. ಇದರ ಬದಲು ಲಿಸ್ಬನ್‌ನಲ್ಲಿ ಇಳಿದು, ಪೂರ್ವಕ್ಕೆ ಎವೊರಾ, ಅಲ್ಲಿಂದ ಉತ್ತರಕ್ಕೆ ತೊಮಾರ್ ಮಾರ್ಗವಾಗಿ ಕೋಯಿಂಬ್ರಾ, ಅಲ್ಲಿಂದ ವಿಸೆವು ಮತ್ತು ಲಮೇಗು ಮಾರ್ಗವಾಗಿ ದೌರೊ ಕಣಿವೆ, ಕೊನೆಗೆ ನದಿಯ ಜೊತೆಗೇ ಕೆಳಗಿಳಿದು ಪೋರ್ಟೊ ತಲುಪಿ, ಅಲ್ಲಿಂದಲೇ ಊರಿಗೆ ಹೊರಡುವ ವ್ಯವಸ್ಥೆ ಮಾಡಿಕೊಳ್ಳಿ. ಶತಮಾನಗಳ ಕಾಲ ಪೋರ್ಟ್ ಎಂಬ ಸಿಹಿ ವೈನ್ ಸಾಗಿದ ದಾರಿಯೂ ಇದೇ: ಕಣಿವೆಯ ತೋಟಗಳಲ್ಲಿ ತಯಾರಾಗಿ, ದೋಣಿಯಲ್ಲಿ ನದಿಯಗುಂಟ ಇಳಿದು, ಪೋರ್ಟೊದ ಎದುರು ದಂಡೆಯ ಉಗ್ರಾಣಗಳಲ್ಲಿ ಹಳೆಯದಾಗುತ್ತಿತ್ತು. ಬಳ್ಳಿಯನ್ನು ಮೊದಲು ಕಂಡು ಪೀಪಾಯಿಯನ್ನು ಆಮೇಲೆ ಕಂಡರೆ, ಉಗ್ರಾಣದಲ್ಲಿ ಗೈಡ್ ಹೇಳುವ ಪ್ರತಿಯೊಂದು ಮಾತಿಗೂ ಅರ್ಥ ಬರುತ್ತದೆ.

ಈ ದಾರಿಗೆ 14 ರಾತ್ರಿಗಳಿದ್ದರೆ ಅನುಕೂಲ: ಲಿಸ್ಬನ್‌ನಲ್ಲಿ 4, ಎವೊರಾದಲ್ಲಿ 2, ಕೋಯಿಂಬ್ರಾದಲ್ಲಿ 2, ದೌರೊ ಕಣಿವೆಯಲ್ಲಿ 3, ಪೋರ್ಟೊದಲ್ಲಿ 3. ಹತ್ತೇ ರಾತ್ರಿಗಳ ರಜೆ ಸಿಕ್ಕಿದರೆ ಎವೊರಾವನ್ನು ಬಿಟ್ಟು, ಲಿಸ್ಬನ್ ಮತ್ತು ದೌರೊಗಳಲ್ಲಿ ಒಂದೊಂದು ರಾತ್ರಿ ಕಡಿಮೆ ಮಾಡಿಕೊಳ್ಳಬಹುದು. ಅದಕ್ಕೂ ಕಡಿಮೆ ದಿನಗಳಿದ್ದರೆ ಎರಡೇ ನಗರಗಳನ್ನು ಇಟ್ಟುಕೊಳ್ಳಿ. ಯಾವುದನ್ನು ಬಿಟ್ಟರೂ ಕಣಿವೆಯ ಎರಡು ರಾತ್ರಿಗಳನ್ನು ಮಾತ್ರ ಬಿಡಬೇಡಿ. ಹಗಲಿನ ಬಸ್ಸುಗಳೆಲ್ಲ ಪೋರ್ಟೊಗೆ ಮರಳಿದ ನಂತರದ ಸಂಜೆ ಮತ್ತು ಅವು ಬರುವ ಮುಂಚಿನ ಬೆಳಗು ಸಿಗುವುದು ಅಲ್ಲೇ ತಂಗಿದವರಿಗೆ ಮಾತ್ರ.

ಪ್ರವಾಸ ಸಂಸ್ಥೆಯನ್ನು ಆರಿಸುವಾಗ

ಸಂಸ್ಥೆಯವರು ಕೊಡುವ ದಿನಚರಿಯನ್ನು ಕ್ರಿಯಾಪದಗಳ ಮೇಲೆ ಕಣ್ಣಿಟ್ಟು ಓದಬೇಕು. ‘ಭೇಟಿ’ ಎಂದಿದ್ದರೆ ಒಳಗೆ ಹೋಗುತ್ತೀರಿ. ‘ವೀಕ್ಷಣೆ’ ಎಂದಿದ್ದರೆ ಹೊರಗೆ ನಿಂತು ನೋಡುತ್ತೀರಿ. ‘ನಗರದರ್ಶನ’ ಎಂದಷ್ಟೇ ಇದ್ದರೆ ಹಲವು ಸಲ ಬಸ್ಸಿನಿಂದ ಇಳಿಯುವುದೇ ಇಲ್ಲ. ಪ್ರತಿಯೊಂದು ಸ್ಮಾರಕದ ಮುಂದೆಯೂ ಪ್ರವೇಶ ಶುಲ್ಕ ಸೇರಿದೆಯೇ, ಎಷ್ಟು ಹೊತ್ತು ಇರುತ್ತೀರಿ ಎಂಬುದನ್ನು ಬರೆಸಿಕೊಳ್ಳಿ. ಗುಂಪಿನಲ್ಲಿ ಎಷ್ಟು ಜನ ಎಂಬುದು ಇನ್ನೂ ಮುಖ್ಯ. ಹದಿನಾರು ಜನರ ಮೇಲಾದರೆ ಲಿಸ್ಬನ್‌ನ ಅಲ್ಫಾಮಾ ಬಡಾವಣೆಯ ಓಣಿಗಳಲ್ಲಿ ಗೈಡ್‌ನ ಮಾತು ಹಿಂದಿನವರಿಗೆ ಕೇಳುವುದಿಲ್ಲ, ತೋಟದ ಮನೆಯ ರುಚಿನೋಟದ ಕೋಣೆಯಲ್ಲಿ ಎಲ್ಲರಿಗೂ ಕೂರಲು ಜಾಗ ಸಿಗುವುದೂ ಕಷ್ಟ.

ನನ್ನ ಅಭಿಪ್ರಾಯದಲ್ಲಿ ಉತ್ತಮ ವ್ಯವಸ್ಥೆಯೆಂದರೆ, ಊರಿಂದೂರಿಗೆ ಹೋಗಲು ಚಾಲಕರಿರುವ ಒಂದು ಸಣ್ಣ ವಾಹನ, ಪ್ರತಿ ನಗರದಲ್ಲೂ ಬೆಳಗಿನ ಹೊತ್ತು ಮಾತ್ರ ಅದೇ ಊರಿನ ಗೈಡ್, ಮಧ್ಯಾಹ್ನದ ಊಟದ ನಂತರ ಯಾವ ಕಾರ್ಯಕ್ರಮವೂ ಇಲ್ಲದಿರುವುದು. ಇಡೀ ದೇಶಕ್ಕೆ ಒಬ್ಬರೇ ಗೈಡ್ ಇದ್ದರೆ ಅವರಿಗೆ ಎಲ್ಲ ಊರೂ ಗೊತ್ತಿರುತ್ತದೆ, ಆದರೆ ಕೋಯಿಂಬ್ರಾದಲ್ಲಿ ಓದಿದವರು ಕೋಯಿಂಬ್ರಾವನ್ನು ತೋರಿಸುವ ಬಗೆಯೇ ಬೇರೆ. ವಾಹನವನ್ನು ಸ್ವತಃ ಓಡಿಸುವ ಯೋಚನೆ ಇದ್ದವರಿಗೆ ಒಂದು ಮಾತು: ಪೋರ್ಚುಗಲ್‌ನಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ. ವೈನ್ ರುಚಿ ನೋಡುವ ದಿನ ಸ್ಟಿಯರಿಂಗ್ ಹಿಡಿಯುವುದು ಬೇಡ. ಕಣಿವೆಯ ತಿರುವಿನ ರಸ್ತೆಗಳಲ್ಲಿ ಅದು ಕಾನೂನಿಗಿಂತ ಹೆಚ್ಚಾಗಿ ಜೀವದ ಪ್ರಶ್ನೆ.

ಹೋಟೆಲು ಹಳೆಯ ಊರಿನೊಳಗೇ ಇದೆಯೇ, ಲಿಫ್ಟ್ ಇದೆಯೇ, ವಾಹನ ಬಾಗಿಲವರೆಗೆ ಬರುತ್ತದೆಯೇ, ಬಾರದಿದ್ದರೆ ಪೆಟ್ಟಿಗೆ ಹೊರುವವರು ಯಾರು ಎಂದು ಕೇಳಿ. ಲಿಸ್ಬನ್, ಪೋರ್ಟೊ, ಕೋಯಿಂಬ್ರಾ ಮೂರೂ ಗುಡ್ಡದ ಮೇಲಿನ ಊರುಗಳು. ಪಾದಚಾರಿ ದಾರಿಗಳಿಗೆ ಹಾಸಿರುವ ಸಣ್ಣ ಸುಣ್ಣಕಲ್ಲುಗಳು ಜನರ ಓಡಾಟದಿಂದ ನುಣುಪಾಗಿದ್ದು, ಮಳೆ ಬಿದ್ದರೆ ಜಾರುತ್ತವೆ. ರಬ್ಬರ್ ತಳದ, ಈಗಾಗಲೇ ಕಾಲಿಗೆ ಒಗ್ಗಿರುವ ಬೂಟುಗಳನ್ನೇ ಒಯ್ಯಬೇಕು. ದರದ ವಿಚಾರದಲ್ಲಿ, ಒಬ್ಬರೇ ಒಂದು ಕೋಣೆ ಬಳಸಿದರೆ ಬೀಳುವ ಹೆಚ್ಚುವರಿ ಹಣ, ಲಿಸ್ಬನ್ ಮತ್ತು ಪೋರ್ಟೊಗಳಲ್ಲಿ ಪ್ರತಿ ರಾತ್ರಿಗೆ ತಲೆಗಿಷ್ಟೆಂದು ನಗರಾಡಳಿತ ವಿಧಿಸುವ ಪ್ರವಾಸಿ ತೆರಿಗೆ, ರದ್ದತಿಯ ನಿಯಮ, ಇವೆಲ್ಲ ಲಿಖಿತವಾಗಿರಲಿ. ಭಾರತದ ಸಂಸ್ಥೆಯ ಮೂಲಕ ವಿದೇಶ ಪ್ಯಾಕೇಜ್ ಕೊಂಡರೆ ಹಣ ಕಟ್ಟುವಾಗಲೇ ಟಿಸಿಎಸ್ ಎಂಬ ತೆರಿಗೆಯನ್ನು ವಸೂಲು ಮಾಡುತ್ತಾರೆ. ಅದನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದಾದ್ದರಿಂದ ರಸೀದಿಯನ್ನು ಜೋಪಾನವಾಗಿಡಿ.

ಕಾಲ, ವೀಸಾ, ವಿಮಾನ

ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಅಥವಾ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಹೋಗುವುದು ಒಳ್ಳೆಯದು. ಜುಲೈ, ಆಗಸ್ಟ್‌ಗಳಲ್ಲಿ ಎವೊರಾದಲ್ಲೂ ದೌರೊ ಕಣಿವೆಯಲ್ಲೂ ಉಷ್ಣಾಂಶ 40 ಡಿಗ್ರಿ ಮುಟ್ಟುತ್ತದೆ. ಅಟ್ಲಾಂಟಿಕ್ ಸಾಗರದ ಮಳೆಗಾಳಿಯನ್ನು ಮರಾವ್ ಬೆಟ್ಟಸಾಲು ತಡೆಯುವುದರಿಂದ ಆಚೆಯ ಕಣಿವೆ ಒಣಸೀಮೆಯಾಗಿದೆ. ‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂದು ಆ ಭಾಗದವರೇ ಹೇಳುತ್ತಾರೆ. ದ್ರಾಕ್ಷಿ ಕೊಯ್ಲು ನಡೆಯುವುದು ಸೆಪ್ಟೆಂಬರ್‌ನಲ್ಲಿ, ಕೆಲವು ವರ್ಷ ಅಕ್ಟೋಬರ್ ಮೊದಲ ವಾರದವರೆಗೆ. ಆಗ ಕೋಣೆಗಳ ಬಾಡಿಗೆ ಏರುತ್ತದೆ, ತೋಟದವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಆದರೂ ಕೊಯ್ಲನ್ನು ಕಣ್ಣಾರೆ ನೋಡಬೇಕೆಂದರೆ ಬೇರೆ ದಾರಿಯಿಲ್ಲ. ಜೂನ್ 12ರ ರಾತ್ರಿ ಲಿಸ್ಬನ್‌ನಲ್ಲಿ ಸಂತ ಅಂತೋನಿಯ ಹಬ್ಬ, 23ರ ರಾತ್ರಿ ಪೋರ್ಟೊದಲ್ಲಿ ಸಂತ ಜಾನನ ಹಬ್ಬ. ಎರಡೂ ಬೆಳಗಿನವರೆಗೆ ನಡೆಯುವ ಬೀದಿ ಹಬ್ಬಗಳು. ನಿದ್ದೆ ಬೇಕೆನ್ನುವವರು ಆ ದಿನಗಳನ್ನು ತಪ್ಪಿಸಬೇಕು.

ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ ಅಗತ್ಯ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ಬೇಸಿಗೆಯ ಪ್ರಯಾಣವಾದರೆ ಮೂರು ತಿಂಗಳು ಮುಂಚೆಯೇ ಕೆಲಸ ಶುರು ಮಾಡುವುದು ಕ್ಷೇಮ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಹಿಂದಿರುಗುವ ದಿನದ ನಂತರ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಕೊಲ್ಲಿ ರಾಷ್ಟ್ರಗಳ ಅಥವಾ ಯುರೋಪಿನ ದೊಡ್ಡ ನಿಲ್ದಾಣಗಳಲ್ಲಿ ಬದಲಾಯಿಸಿಕೊಂಡು ಹೋಗಬೇಕು. ಹೋಗುವಾಗ ಲಿಸ್ಬನ್, ಬರುವಾಗ ಪೋರ್ಟೊ ಎಂದು ಒಂದೇ ಟಿಕೆಟ್‌ನಲ್ಲಿ ಕೇಳಿದರೆ ಸಾಮಾನ್ಯವಾಗಿ ದರದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ಅರ್ಧ ದಿನ ಉಳಿಯುತ್ತದೆ.

ಲಿಸ್ಬನ್

ಇಳಿದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಬೈಶಾ ಎಂಬ ಕೆಳಪೇಟೆಯಿಂದ ಆರಂಭಿಸಿ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಚರ್ಚುಗಳು ತುಂಬಿದ್ದ ಹೊತ್ತಿನಲ್ಲಿ ಭೂಕಂಪವಾಯಿತು. ಹಿಂದೆಯೇ ನದಿಮುಖದಿಂದ ಸುನಾಮಿ ನುಗ್ಗಿತು, ಬೆಂಕಿ ದಿನಗಟ್ಟಲೆ ಉರಿಯಿತು. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ, ಸುಟ್ಟ ಪೇಟೆಯನ್ನು ಅಡ್ಡ ಉದ್ದ ನೇರ ಬೀದಿಗಳಾಗಿ ಮತ್ತೆ ಕಟ್ಟಿಸಿದ. ಈ ಮನೆಗಳ ಗೋಡೆಯೊಳಗೆ ಮರದ ತೊಲೆಗಳನ್ನು ಪಂಜರದಂತೆ ಹೆಣೆಯಲಾಗಿದೆ. ನೆಲ ಅಲುಗಿದಾಗ ಕಲ್ಲು ಉದುರಿದರೂ ಚೌಕಟ್ಟು ನಿಲ್ಲಲೆಂಬುದು ಉದ್ದೇಶ. ಪೇಟೆಯ ಮೇಲಿನ ಗುಡ್ಡದಲ್ಲಿರುವ ಕಾರ್ಮೊ ಮಠದ ಚರ್ಚು ಆ ದಿನ ಚಾವಣಿ ಕಳೆದುಕೊಂಡಿತು, ಇವತ್ತಿಗೂ ಹಾಗೆಯೇ ಆಕಾಶಕ್ಕೆ ತೆರೆದುಕೊಂಡಿದೆ. ಈ ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಬೇಕು. ಭೂಕಂಪಕ್ಕೆ ಮುಂಚಿನ ಲಿಸ್ಬನ್ ಹೇಗಿತ್ತೆಂಬುದನ್ನು ಸುಮಾರು 23 ಮೀಟರ್ ಉದ್ದದ ಟೈಲ್ಸ್ ಚಿತ್ರವೊಂದು ತೋರಿಸುತ್ತದೆ; ಅದು ರಾಷ್ಟ್ರೀಯ ಟೈಲ್ಸ್ ಸಂಗ್ರಹಾಲಯದಲ್ಲಿದೆ. ಇಲ್ಲಿನ ಸಂಗ್ರಹಾಲಯಗಳಲ್ಲಿ ಹೆಚ್ಚಿನವಕ್ಕೆ ಸೋಮವಾರ ರಜೆ, ಕೆಲವು ದುರಸ್ತಿಗಾಗಿ ತಿಂಗಳುಗಟ್ಟಲೆ ಮುಚ್ಚುವುದೂ ಉಂಟು. ದಿನಚರಿ ಒಪ್ಪುವ ಮುನ್ನ ಸಂಸ್ಥೆಯವರಿಂದ ಖಚಿತಪಡಿಸಿಕೊಳ್ಳಿ.

ಇನ್ನೊಂದು ಬೆಳಗನ್ನು ಪೂರ್ತಿಯಾಗಿ ಬೆಲೇಂ ಪ್ರದೇಶಕ್ಕೆ ಕೊಡಿ. ಜೆರೋನಿಮೊಸ್ ಮಠದ ಕೆಲಸ 1501ರ ಹೊತ್ತಿಗೆ ಆರಂಭವಾಯಿತು. ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ರಾಜ ಮನುಯೆಲ್ ವಿಧಿಸಿದ ನೂರಕ್ಕೆ ಐದರ ತೆರಿಗೆಯೇ ಇದಕ್ಕೆ ಬಂಡವಾಳ. ಒಳಗೆ ಕಂಬಗಳು ತಾಳೆಮರದಂತೆ ಮೇಲೇರಿ ಚಾವಣಿಯಲ್ಲಿ ಕವಲೊಡೆಯುತ್ತವೆ. ಹತ್ತಿರ ಹೋದರೆ ಅವುಗಳ ಮೈಯೆಲ್ಲ ಬಳ್ಳಿ, ಹಗ್ಗದ ಹುರಿಗಳ ಕೆತ್ತನೆ. ಬಾಗಿಲ ಬಳಿ ವಾಸ್ಕೋ ಡ ಗಾಮನ ಸಮಾಧಿ ಇದೆ, ಎಲ್ಲರೂ ಅಲ್ಲೇ ಗುಂಪುಗೂಡುತ್ತಾರೆ. ನೀವು ಮುಂದೆ ನಡೆದು ಪೀಠದ ಎರಡು ಬದಿಯ ರಾಜರ ಸಮಾಧಿಗಳನ್ನು ನೋಡಿ: ಅವುಗಳ ಭಾರ ಹೊತ್ತಿರುವುದು ಅಮೃತಶಿಲೆಯ ಆನೆಗಳು. ಭಾರತದ ವ್ಯಾಪಾರ ಆ ಅರಸೊತ್ತಿಗೆಯನ್ನು ಎಷ್ಟರಮಟ್ಟಿಗೆ ಹೊತ್ತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೈಡ್‌ಗಳು ಇಲ್ಲಿ ‘ಶೋಧಗಳ ಯುಗ’ದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಕನ್ನಡಿಗರು ಆ ಕಥೆಯ ಈಚೆಯ ದಂಡೆಯನ್ನು ತಿಳಿದುಕೊಂಡು ಹೋಗಬೇಕು. ಲಿಸ್ಬನ್‌ಗೆ ಹೋದ ಕರಿಮೆಣಸಿನ ಒಂದು ಭಾಗ ನಮ್ಮ ಶರಾವತಿ ತೀರದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದೇ ಕರೆದರು. ಅದೇ 16ನೆಯ ಶತಮಾನದಲ್ಲಿ ಉಳ್ಳಾಲದ ಅಬ್ಬಕ್ಕ ಅವರ ವಿರುದ್ಧ ಕತ್ತಿ ಹಿಡಿದಳು. ಕೃಷ್ಣದೇವರಾಯನ ಕಾಲದ ಹಂಪಿಯ ಬೀದಿಗಳನ್ನೂ ಮಹಾನವಮಿಯನ್ನೂ ಕಣ್ಣಾರೆ ಕಂಡು ಬರೆದಿಟ್ಟವನೂ ದೊಮಿಂಗೊ ಪಾಯಸ್ ಎಂಬ ಪೋರ್ಚುಗೀಸನೇ. ಗೈಡ್‌ಗೆ ಇವುಗಳನ್ನು ಸೌಜನ್ಯದಿಂದ ಹೇಳಿದರೆ ಅವರು ಆಸಕ್ತಿಯಿಂದ ಕೇಳುತ್ತಾರೆ, ಚರ್ಚೆಯೂ ಬೆಳೆಯುತ್ತದೆ. ಸಮಯವಿದ್ದರೆ ರಾಷ್ಟ್ರೀಯ ಪ್ರಾಚೀನ ಕಲಾ ಸಂಗ್ರಹಾಲಯಕ್ಕೂ ಹೋಗಿ. 1506ರಲ್ಲಿ ಸಿದ್ಧವಾದ, ಗಾಮ ಆಫ್ರಿಕಾದ ಕಿಲ್ವಾದಿಂದ ಕಪ್ಪವಾಗಿ ತಂದ ಚಿನ್ನದಲ್ಲಿ ಮಾಡಿದ ಬೆಲೇಂ ಪೂಜಾಪಾತ್ರೆ ಅಲ್ಲಿದೆ. ಭಾರತದ ಕುಶಲಕರ್ಮಿಗಳು ಪೋರ್ಚುಗೀಸರಿಗಾಗಿ ಮಾಡಿದ ದಂತದ ಕೆತ್ತನೆಗಳೂ ಪೆಟ್ಟಿಗೆಗಳೂ ಇವೆ.

ಒಂದು ಸಂಜೆ ಫಾದು ಸಂಗೀತಕ್ಕಿರಲಿ. ಹಾಡು ಆರಂಭವಾದಾಗ ದೀಪ ಸಣ್ಣದಾಗುತ್ತದೆ, ಊಟ ಬಡಿಸುವುದು ನಿಲ್ಲುತ್ತದೆ, ಯಾರೂ ಮಾತಾಡಬಾರದು. ದೊಡ್ಡ ಗುಂಪುಗಳಿಗಾಗಿ ನಡೆಯುವ ಕಾರ್ಯಕ್ರಮಕ್ಕಿಂತ ಅಲ್ಫಾಮಾದ ಸಣ್ಣ ಮನೆಯೊಂದರಲ್ಲಿ ಕೂತು ಕೇಳುವುದು ಎಷ್ಟೋ ಮೇಲು. ಲಿಸ್ಬನ್‌ಗೆ ಹತ್ತಿರದ ಸಿಂತ್ರಾ ಊರಿಗೆ ಹೋಗುವುದಾದರೆ ಪೇನಾ ಅರಮನೆಗೆ ಗಂಟೆ ನಮೂದಿಸಿದ ಟಿಕೆಟ್ ಮೊದಲೇ ತೆಗೆಸಿ, ದಿನದ ಮೊದಲ ಪ್ರವೇಶಕ್ಕೇ ಹೋಗಿ. 28ನೆಯ ಸಂಖ್ಯೆಯ ಹಳದಿ ಟ್ರಾಮ್ ಹತ್ತುವವರು ಜೇಬಿನ ಮೇಲೆ ನಿಗಾ ಇಡಬೇಕು.

ಎವೊರಾದಿಂದ ಕೋಯಿಂಬ್ರಾಕ್ಕೆ

ಲಿಸ್ಬನ್‌ನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಎವೊರಾ ಕೋಟೆಯೊಳಗಿನ ಊರು. ಮೊದಲ ಶತಮಾನದ ರೋಮನ್ ದೇವಾಲಯದ ಕಂಬಗಳು, ಮನುಷ್ಯರ ಮೂಳೆ ಮತ್ತು ತಲೆಬುರುಡೆಗಳನ್ನೇ ಗೋಡೆಯಾಗಿ ಜೋಡಿಸಿದ ಪ್ರಾರ್ಥನಾ ಮಂದಿರ, 16ನೆಯ ಶತಮಾನದ ಮೇಲುಗಾಲುವೆ, ಇವನ್ನೆಲ್ಲ ನಡೆದೇ ನೋಡಬಹುದು. ಮೂಳೆಗಳ ಮಂದಿರದ ಬಾಗಿಲ ಮೇಲೆ ‘ಇಲ್ಲಿರುವ ಮೂಳೆಗಳಾದ ನಾವು ನಿಮ್ಮ ಮೂಳೆಗಳಿಗಾಗಿ ಕಾಯುತ್ತಿದ್ದೇವೆ’ ಎಂಬ ಅರ್ಥದ ಬರಹವಿದೆ; ಮಕ್ಕಳಿದ್ದರೆ ಒಳಗೆ ಕರೆದೊಯ್ಯುವ ಮುನ್ನ ಯೋಚಿಸಿ.

ಎರಡನೆಯ ದಿನ ಊರ ಹೊರಗೆ ಹೋಗಿ ಕಾರ್ಕ್ ಓಕ್ ಮರಗಳ ತೋಪನ್ನು ತೋರಿಸುವಂತೆ ಗೈಡ್‌ನ್ನು ಕೇಳಿ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್‌ನದು, ಅದರಲ್ಲೂ ಹೆಚ್ಚಿನದು ಈ ಅಲೆಂತೇಜು ಸೀಮೆಯದು. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸೀಸೆಯ ಬಿರಡೆಗೆ ಯೋಗ್ಯವಾದ ತೊಗಟೆ ಸಿಗುವುದು ಮೂರನೆಯ ಸುಲಿತದಲ್ಲಿ, ಅಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ಹೊಸದಾಗಿ ಸುಲಿದ ಕಾಂಡ ಕೆಮ್ಮಣ್ಣಿನ ಬಣ್ಣದಲ್ಲಿರುತ್ತದೆ, ಅದರ ಮೇಲೆ ಬಿಳಿಯ ಬಣ್ಣದಲ್ಲಿ ಒಂದು ಅಂಕಿ ಬರೆದಿರುತ್ತಾರೆ. 3 ಎಂದಿದ್ದರೆ 2023ರಲ್ಲಿ ಸುಲಿದದ್ದು, 2032ರವರೆಗೆ ಮುಟ್ಟುವಂತಿಲ್ಲ. ತೋಪಿನಲ್ಲಿ ನಡೆಯುತ್ತ ಈ ಅಂಕಿಗಳನ್ನು ಓದುವುದೇ ಒಂದು ಸೊಗಸು. ಈ ಸೀಮೆಯ ಕೆಲವು ಹಳ್ಳಿಗಳಲ್ಲಿ ರೋಮನ್ನರ ಕಾಲದ ಕ್ರಮದಂತೆ ದೊಡ್ಡ ಮಣ್ಣಿನ ಹಂಡೆಗಳಲ್ಲಿ ಈಗಲೂ ವೈನ್ ಮಾಡುತ್ತಾರೆ. ನವೆಂಬರ್ 11ರ ಸಂತ ಮಾರ್ಟಿನ್ ದಿನದಂದು ಹಂಡೆ ತೆರೆಯುವುದು ವಾಡಿಕೆ.

ಕೋಯಿಂಬ್ರಾಕ್ಕೆ ಹೋಗುವ ದಾರಿಯಲ್ಲಿ ತೊಮಾರ್‌ನಲ್ಲಿ ಇಳಿಯಲೇಬೇಕು. ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ ಯೋಧರು 12ನೆಯ ಶತಮಾನದಲ್ಲಿ ಕಟ್ಟಿದ ದುಂಡು ಗರ್ಭಗುಡಿಯ ಸುತ್ತ ಮುಂದಿನ ಅರಸರು ಮಠವನ್ನು ಬೆಳೆಸುತ್ತ ಹೋದರು. ಎರಡೂವರೆ ಗಂಟೆ ಕೊಟ್ಟರೆ ಸಾಕು.

ಕೋಯಿಂಬ್ರಾದ ವಿಶ್ವವಿದ್ಯಾಲಯ 1290ರಲ್ಲಿ ಸ್ಥಾಪನೆಯಾಯಿತು, 1537ರಿಂದ ಈ ಗುಡ್ಡದ ಮೇಲೆಯೇ ನೆಲೆ ನಿಂತಿದೆ. 18ನೆಯ ಶತಮಾನದ ಜೊವಾನಿನಾ ಗ್ರಂಥಾಲಯ ಇಲ್ಲಿನ ಮುಖ್ಯ ಆಕರ್ಷಣೆ. ಗಂಟೆ ನಮೂದಿಸಿದ ಟಿಕೆಟ್ ಇಲ್ಲದೆ ಪ್ರವೇಶವಿಲ್ಲ, ಒಳಗೆ ಕೆಲವೇ ನಿಮಿಷ ಇರಲು ಬಿಡುತ್ತಾರೆ. ಚಿನ್ನದ ಲೇಪವಿರುವ ಕಪಾಟುಗಳ ಹಿಂದೆ ಬಾವಲಿಗಳು ವಾಸವಾಗಿವೆ; ರಾತ್ರಿ ಹೊರಬಂದು ಪುಸ್ತಕ ತಿನ್ನುವ ಹುಳುಗಳನ್ನು ಅವು ಹಿಡಿದು ತಿನ್ನುತ್ತವೆ. ಮೇಜುಗಳ ಮೇಲೆ ಹಿಕ್ಕೆ ಬೀಳದಂತೆ ಸಿಬ್ಬಂದಿ ಪ್ರತಿ ಸಂಜೆ ಚರ್ಮದ ಹೊದಿಕೆ ಹಾಸುತ್ತಾರೆ. ಇಲ್ಲಿನ ಫಾದು ಹಾಡುವವರು ಕರಿನಿಲುವಂಗಿ ತೊಟ್ಟ ಪುರುಷರು, ವಿದ್ಯಾರ್ಥಿಗಳು ಇಲ್ಲವೆ ಹಳೆಯ ವಿದ್ಯಾರ್ಥಿಗಳು. ಮೆಚ್ಚುಗೆ ಸೂಚಿಸಲು ಚಪ್ಪಾಳೆ ತಟ್ಟದೆ ಗಂಟಲು ಸರಿಮಾಡಿಕೊಂಡಂತೆ ಮೆಲ್ಲಗೆ ಕೆಮ್ಮುವುದು ಇಲ್ಲಿನ ಸಂಪ್ರದಾಯ. ಗೈಡ್‌ನ್ನು ನೋಡಿ ಅನುಸರಿಸಿ.

ಊಟದ ವಿಷಯ

ಮೀನು, ಅದರಲ್ಲೂ ಉಪ್ಪು ಹಾಕಿ ಒಣಗಿಸಿದ ಬಕಲ್ಯಾವ್, ಈ ದೇಶದ ಜೀವಾಳ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಮುನ್ನೆಚ್ಚರಿಕೆ ಬೇಕು. ಕಾಲ್ದೊ ವೆರ್ದೆ ಎಂಬ ಸೊಪ್ಪು–ಆಲೂಗಡ್ಡೆಯ ಸಾರಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಒಂದೆರಡು ಬಿಲ್ಲೆ ಇರುತ್ತವೆ. ‘ಸೇಂ ಕಾರ್ನೆ, ಸೇಂ ಪೈಶೆ’, ಅಂದರೆ ಮಾಂಸ ಬೇಡ, ಮೀನೂ ಬೇಡ, ಎಂದು ಎರಡನ್ನೂ ಹೇಳಬೇಕು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮಠಗಳಿಂದ ಬಂದ ಸಿಹಿತಿಂಡಿಗಳೆಲ್ಲ ಮೊಟ್ಟೆಯ ಹಳದಿಯವು, ಕೆಲವಕ್ಕೆ ಹಂದಿಯ ಕೊಬ್ಬೂ ಬೀಳುತ್ತದೆ. ಸೆರ್ರಾ ದ ಎಸ್ತ್ರೇಲಾ ಬೆಟ್ಟದ ಕುರಿಹಾಲಿನ ಚೀಸ್ ಮಾತ್ರ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನಬಹುದಾದದ್ದು: ಅದರ ಹಾಲನ್ನು ಒಡೆಸುವುದು ಕರುವಿನ ಜಠರದ ಕಿಣ್ವದಿಂದಲ್ಲ, ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ. ಕೂತ ಕೂಡಲೇ ಮೇಜಿಗೆ ತಂದಿಡುವ ಬ್ರೆಡ್, ಆಲಿವ್, ಚೀಸ್‌ಗಳಿಗೆ ಹಣ ಹಾಕುತ್ತಾರೆ. ಬೇಡವಾದರೆ ಮುಟ್ಟದೆ ಹಿಂದಕ್ಕೆ ಕಳಿಸಬಹುದು, ಯಾರೂ ಬೇಸರಪಡುವುದಿಲ್ಲ. ದೌರೊದ ತೋಟದ ಮನೆಗಳಲ್ಲಿ ರಾತ್ರಿಯೂಟಕ್ಕೆ ಎಲ್ಲರಿಗೂ ಒಂದೇ ಅಡುಗೆ ಮಾಡುವುದು ರೂಢಿ. ಸಸ್ಯಾಹಾರ ಬೇಕೆಂಬುದನ್ನು ಅಲ್ಲಿಗೆ ಒಂದು ವಾರ ಮುಂಚೆ ತಿಳಿಸಿ, ಒಪ್ಪಿಗೆಯ ಉತ್ತರ ಪಡೆದಿರಬೇಕು.

ದೌರೊ ಕಣಿವೆ

ಕೋಯಿಂಬ್ರಾದಿಂದ ಹೊರಟು ವಿಸೆವುನಲ್ಲಿ ಊಟ ಮುಗಿಸಿ, ಲಮೇಗು ಊರಿನ 686 ಮೆಟ್ಟಿಲುಗಳ ಚರ್ಚನ್ನು ನೋಡಿಕೊಂಡು ಸಂಜೆಯ ಹೊತ್ತಿಗೆ ಕಣಿವೆಗೆ ಇಳಿಯಬಹುದು. ಮೆಟ್ಟಿಲು ಹತ್ತಲಾಗದವರು ವಾಹನದಲ್ಲಿ ಮೇಲಕ್ಕೆ ಹೋಗಿ ಇಳಿಯುತ್ತ ಬಂದರಾಯಿತು. ತಂಗಲು ಕಣಿವೆಯ ರೇಗುವಾ ಪಟ್ಟಣಕ್ಕಿಂತ ಪಿನ್ಯಾವ್ ಊರಿನ ಸುತ್ತಮುತ್ತಲಿನ ತೋಟದ ಮನೆಗಳು ಒಳ್ಳೆಯವು. ಇಲ್ಲಿ ತೋಟಕ್ಕೆ ಕಿಂತಾ ಎನ್ನುತ್ತಾರೆ. ಹಲವು ಕಿಂತಾಗಳಲ್ಲಿ ಅತಿಥಿಗಳಿಗೆ ಕೋಣೆಗಳಿವೆ.

ಮೊದಲ ಬೆಳಗನ್ನು ಬಳ್ಳಿಗಳ ನಡುವೆ ನಡೆಯಲು ಮೀಸಲಿಡಿ. ನೆಲದಲ್ಲಿ ಮಣ್ಣೇ ಕಾಣುವುದಿಲ್ಲ, ಪದರ ಪದರವಾಗಿ ಸೀಳುವ ಕಪ್ಪು ಶಿಸ್ಟ್ ಕಲ್ಲು. ಈ ಕಲ್ಲನ್ನು ಒಡೆದು, ಗೋಡೆ ಕಟ್ಟಿ, ಬೆಟ್ಟವನ್ನೇ ಮೆಟ್ಟಿಲುಗಳನ್ನಾಗಿ ಮಾಡಿದವರು ತಲೆಮಾರುಗಳ ಕೂಲಿಕಾರರು. ಸೀಳುಗಳ ನಡುವೆ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಹಗಲು ಕಾದ ಕಲ್ಲು ರಾತ್ರಿಯೂ ಬೆಚ್ಚಗಿದ್ದು ಹಣ್ಣು ಮಾಗಲು ನೆರವಾಗುತ್ತದೆ. ಕೆಲವು ಇಳಿಜಾರುಗಳಲ್ಲಿ ಗೋಡೆಗಳು ಕುಸಿದು ಪೊದೆ ಬೆಳೆದಿರುವುದನ್ನು ಕಾಣುತ್ತೀರಿ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಬಳ್ಳಿಗಳನ್ನೆಲ್ಲ ಕೊಂದಾಗ ಮತ್ತೆ ನಾಟಿ ಮಾಡಲಾಗದೆ ಬಿಟ್ಟುಹೋದ ತೋಟಗಳವು. ಲಿಸ್ಬನ್ ಪೇಟೆಯನ್ನು ಮತ್ತೆ ಕಟ್ಟಿಸಿದ ಪೊಂಬಾಲ್ ಮಂತ್ರಿಯೇ 1756ರಲ್ಲಿ ಈ ಸೀಮೆಯ ಎಲ್ಲೆಗಳನ್ನು ಗುರುತಿಸಿ, ಮುಂದೆ ಕಲ್ಲುಕಂಬ ನೆಡಿಸಿದ. ಇದರಾಚೆ ಬೆಳೆದ ದ್ರಾಕ್ಷಿಯ ವೈನ್‌ಗೆ ಪೋರ್ಟ್ ಎಂಬ ಹೆಸರಿಲ್ಲ. ಆ ಕಂಬಗಳಲ್ಲಿ ಒಂದನ್ನಾದರೂ ತೋರಿಸಲು ಗೈಡ್‌ಗೆ ಹೇಳಿ.

ಪೋರ್ಟ್ ವೈನ್ ಆಗುವ ಬಗೆಯನ್ನು ತಿಳಿದಿದ್ದರೆ ರುಚಿನೋಟ ಸಾರ್ಥಕವಾಗುತ್ತದೆ. ಹಿಂಡಿದ ರಸ ಹುದುಗಲು ಆರಂಭಿಸಿ ಎರಡು ಮೂರು ದಿನಗಳಾಗುವಷ್ಟರಲ್ಲಿ, ಇನ್ನೂ ಅರ್ಧದಷ್ಟು ಸಕ್ಕರೆ ಉಳಿದಿರುವಾಗಲೇ, 77 ಶೇಕಡಾ ಮದ್ಯಾಂಶವಿರುವ ದ್ರಾಕ್ಷಿಯ ಸಾರಾಯಿಯನ್ನು ಸುರಿಯುತ್ತಾರೆ. ಹುದುಗುವ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ, ಹಣ್ಣಿನ ಸಿಹಿ ಉಳಿಯುತ್ತದೆ, ಮದ್ಯಾಂಶ ಸುಮಾರು 20 ಶೇಕಡಾಕ್ಕೆ ಏರುತ್ತದೆ. ಸಾಮಾನ್ಯ ವೈನ್‌ನಷ್ಟೇ ಪ್ರಮಾಣದಲ್ಲಿ ಇದನ್ನು ಕುಡಿದರೆ ತಲೆ ತಿರುಗುವುದು ಖಂಡಿತ.

ಕೊಯ್ಲಿನ ಕಾಲದಲ್ಲಿ ಹೋದವರು ಕಾಲಿನಿಂದ ದ್ರಾಕ್ಷಿ ತುಳಿಯುವುದನ್ನು ನೋಡಬಹುದು, ಕೆಲವೆಡೆ ತಾವೂ ಇಳಿಯಬಹುದು. ಲಗಾರ್ ಎಂಬ ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿ ಮೊಣಕಾಲಿನ ಮೇಲಕ್ಕೆ ತುಂಬಿರುತ್ತದೆ. ಮೊದಲ ಒಂದೆರಡು ಗಂಟೆ ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತು, ಒಬ್ಬರು ಎಡ, ಬಲ ಎಂದು ಕೂಗುವುದಕ್ಕೆ ತಕ್ಕಂತೆ ಎಲ್ಲರೂ ಒಟ್ಟಿಗೆ ಕಾಲೆತ್ತಿ ಇಡುತ್ತಾರೆ. ಆಮೇಲೆ ವಾದ್ಯ ಶುರುವಾಗಿ ಕುಣಿತ. ತುಳಿಯುವಾಗ ಮೊದಮೊದಲು ಹಣ್ಣು ತಣ್ಣಗಿರುತ್ತದೆ, ದಂಟುಗಳು ಪಾದಕ್ಕೆ ಚುಚ್ಚುತ್ತವೆ, ರಸ ಕಾಲಿಗೆ ಅಂಟುತ್ತದೆ. ಪಾದದ ಮೃದುತ್ವ ಸಿಪ್ಪೆಯಿಂದ ಬಣ್ಣವನ್ನೂ ಒಗರನ್ನೂ ಬಿಡಿಸುತ್ತದೆ, ಬೀಜವನ್ನು ಒಡೆದು ಕಹಿ ಮಾಡುವುದಿಲ್ಲ. ಈ ಕಾರಣಕ್ಕೆ ಒಳ್ಳೆಯ ಪೋರ್ಟ್‌ಗೆ ಇಂದಿಗೂ ಕೆಲವರು ಇದೇ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ಹಳೆಯ ಚಡ್ಡಿಯೊಂದನ್ನು ಒಯ್ಯಿರಿ, ಆ ಕಲೆ ಹೋಗುವುದಿಲ್ಲ.

ರುಚಿನೋಟಕ್ಕೆ ದಿನಕ್ಕೆ ಎರಡು ತೋಟಗಳಿಗಿಂತ ಹೆಚ್ಚು ಬೇಡ: ಒಂದು ಬೆಳಿಗ್ಗೆ ಹನ್ನೊಂದರ ಮೇಲೆ, ಇನ್ನೊಂದು ಸಂಜೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಬಿಳಿಯಿಂದ ಕೆಂಪಿಗೆ, ಹೊಸದರಿಂದ ಹಳೆಯದಕ್ಕೆ ಹೋಗುವುದು ಕ್ರಮ. ಬಟ್ಟಲನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡಿ: ರೂಬಿ ಎಂಬ ಬಗೆಯ ಪೋರ್ಟ್ ಹೊಸದಾಗಿ ಸೀಸೆಗೆ ಸೇರಿದ್ದು, ನೇರಳೆಹಣ್ಣಿನ ಕಡುಬಣ್ಣ, ಟಾನಿ ಎಂಬ ಬಗೆ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದು ಗಾಳಿ ತಾಗಿದ್ದು, ಅಂಚಿನಲ್ಲಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಒಣಹಣ್ಣು ಮತ್ತು ಬಾದಾಮಿಯ ವಾಸನೆ ಬರುತ್ತದೆ. ಟಾನಿಯ ಮೇಲೆ 10, 20, 30, 40 ಎಂಬ ವರ್ಷಗಳ ಗುರುತಿರುತ್ತದೆ. 10 ಮತ್ತು 20ನ್ನು ಅಕ್ಕಪಕ್ಕ ಇಟ್ಟು ಕುಡಿದು ನೋಡಿದರೆ ವಯಸ್ಸು ಏನು ಮಾಡುತ್ತದೆಂಬುದು ನಾಲಗೆಗೇ ತಿಳಿಯುತ್ತದೆ. ಬಾಯಲ್ಲಿ ಆಡಿಸಿ ಪಾತ್ರೆಗೆ ಉಗುಳುವುದು ಅಸಭ್ಯವಲ್ಲ, ವೃತ್ತಿಯವರೆಲ್ಲ ಹಾಗೆಯೇ ಮಾಡುತ್ತಾರೆ. ಮದ್ಯ ಮುಟ್ಟದವರು ಸಂಕೋಚಪಡಬೇಕಾಗಿಲ್ಲ. ಈ ಕಣಿವೆಯಲ್ಲಿ ಆಲಿವ್ ಎಣ್ಣೆಯೂ ಬಾದಾಮಿಯೂ ಬೆಳೆಯುತ್ತವೆ, ಎಣ್ಣೆಯ ರುಚಿನೋಟವನ್ನು ಕೇಳಿದರೆ ಏರ್ಪಡಿಸುತ್ತಾರೆ.

ಮೂರನೆಯ ದಿನ ಬೇರೆ ಕೆಲಸ ಬೇಡ. ಪಿನ್ಯಾವ್ ರೈಲು ನಿಲ್ದಾಣದ ಗೋಡೆಗಳಲ್ಲಿ ಕೊಯ್ಲಿನ ದೃಶ್ಯಗಳ ನೀಲಿ ಟೈಲ್ಸ್ ಚಿತ್ರಗಳಿವೆ, ಅವನ್ನು ನೋಡಿ, ದೋಣಿಯಲ್ಲಿ ಒಂದು ಗಂಟೆ ಸುತ್ತಿ, ಮಧ್ಯಾಹ್ನ ನೆರಳಿನಲ್ಲಿ ಮಲಗಿ.

ಪೋರ್ಟೊ

ಕಣಿವೆಯಿಂದ ಪೋರ್ಟೊಗೆ ರೈಲಿನಲ್ಲೇ ಹೋಗಿ. ಪೆಟ್ಟಿಗೆಗಳು ವಾಹನದಲ್ಲಿ ಬರಲಿ. ಪಿನ್ಯಾವ್‌ನಿಂದ ಸುಮಾರು ಎರಡೂವರೆ ಗಂಟೆ. ಪೋರ್ಟೊ ಕಡೆಗೆ ಹೋಗುವಾಗ ನದಿ ಎಡಗಡೆಗೆ ಬರುತ್ತದೆ, ಆದ್ದರಿಂದ ಎಡಬದಿಯ ಕಿಟಕಿ ಹಿಡಿಯಿರಿ. 65 ತುಂಬಿದವರಿಗೆ ಅರ್ಧ ದರ, ಪಾಸ್‌ಪೋರ್ಟ್ ತೋರಿಸಬೇಕು. ಸಾವ್ ಬೆಂತು ನಿಲ್ದಾಣದವರೆಗೆ ಬಂದರೆ ಅದರ ಹಜಾರವೇ ನಗರದ ಮೊದಲ ನೋಟ: ಜಾರ್ಜ್ ಕೊಲಾಸು ರಚಿಸಿದ ಸುಮಾರು 20,000 ಟೈಲ್‌ಗಳ ಚಿತ್ರಗಳಲ್ಲಿ ದೇಶದ ಯುದ್ಧಗಳೂ ಹಳ್ಳಿಯ ಬದುಕೂ ಇವೆ.

ಒಂದು ಬೆಳಗಿಗೆ ಸಾವ್ ಫ್ರಾನ್ಸಿಸ್ಕು ಚರ್ಚಿನ ಚಿನ್ನ ಹೊದಿಸಿದ ಮರಗೆಲಸ ಮತ್ತು ರಿಬೇರಾ ದಂಡೆ. ಇನ್ನೊಂದು ದಿನ ಗಂಟೆಯ ರೈಲುದಾರಿಯ ಗಿಮರಾಯ್ಸ್, ದೇಶದ ಮೊದಲ ರಾಜ ಅಫೊನ್ಸು ಎನ್ರಿಕೆಸ್‌ನ ಊರು. 1886ರಲ್ಲಿ ಮುಗಿದ ಲೂಯಿಸ್ ಸೇತುವೆಗೆ ಎರಡು ಅಂತಸ್ತು. ಮೇಲಿನದರಲ್ಲಿ ನಡೆದುಹೋಗಿ ಕೆಳಗಿನದರಲ್ಲಿ ಮರಳಿದರೆ ಎತ್ತರ ಹತ್ತುವ ಕಷ್ಟವಿಲ್ಲದೆ ಎದುರು ದಂಡೆಯ ಗಾಯಾ ಸಿಗುತ್ತದೆ. ಕಡಲ ತೇವಗಾಳಿಯಿಂದ ತಂಪಾಗಿರುವ ಈ ದಂಡೆಯಲ್ಲಿ ಪೀಪಾಯಿಗಳು ನಿಧಾನವಾಗಿ ಹಳೆಯದಾಗುತ್ತವೆ. 1986ರವರೆಗೆ ರಫ್ತಾಗುವ ಪೋರ್ಟ್ ಎಲ್ಲವೂ ಇಲ್ಲಿಂದಲೇ ಹೊರಡಬೇಕೆಂಬ ಕಾನೂನಿತ್ತು. ಒಂದು ದೊಡ್ಡ ಉಗ್ರಾಣ, ಒಂದು ಸಣ್ಣದು, ಎರಡನ್ನು ನೋಡಿದರೆ ಸಾಕು.

ಊರಿಗೆ ಸೀಸೆ ಕೊಳ್ಳುವವರು ಇಲ್ಲೇ ಕೊಳ್ಳಬೇಕು. ಒಂದೇ ಒಳ್ಳೆಯ ವರ್ಷದ ಬೆಳೆಯಿಂದ ಮಾಡುವ ವಿಂಟೇಜ್ ಪೋರ್ಟ್‌ಗೆ ಹೆಸರು ದೊಡ್ಡದು, ಆದರೆ ಅದು ದಶಕಗಳ ಕಾಲ ಸೀಸೆಯಲ್ಲಿ ಕಾಯಬೇಕಾದದ್ದು, ಅಡ್ಡಲಾಗಿ ತಂಪಿನಲ್ಲಿಡಬೇಕಾದದ್ದು, ತೆರೆದ ಮೇಲೆ ಒಂದೆರಡು ದಿನಗಳಲ್ಲಿ ಮುಗಿಸಬೇಕಾದದ್ದು. ಟಾನಿಗೆ ಈ ಕಟ್ಟುಪಾಡಿಲ್ಲ. ಕೊಂಡ ದಿನವೇ ಕುಡಿಯಲು ಸಿದ್ಧ, ತೆರೆದು ಫ್ರಿಜ್‌ನಲ್ಲಿಟ್ಟರೆ ವಾರಗಳವರೆಗೆ ಕೆಡುವುದಿಲ್ಲ. ನಮ್ಮ ಸೆಕೆಗೂ ನಿಧಾನವಾಗಿ ಕುಡಿಯುವ ಮನೆಗಳಿಗೂ ಅದೇ ಹೊಂದುತ್ತದೆ. ಭಾರತಕ್ಕೆ ಬರುವ ಪ್ರಯಾಣಿಕರು ತಲಾ ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಸೀಸೆಗಳು ಮತ್ತು ಒಂದು ಸಣ್ಣ ಸೀಸೆ. ದಾರಿಯಲ್ಲಿ ವಿಮಾನ ಬದಲಾಯಿಸುವುದರಿಂದ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಳೆದುಕೊಳ್ಳುವ ಸಂಭವವಿದೆ. ಅಂಗಡಿಯಲ್ಲಿ ಕೊಡುವ ರಟ್ಟಿನ ಕೊಳವೆಯಲ್ಲಿಟ್ಟು, ಬಟ್ಟೆಗಳ ನಡುವೆ ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲೇ ಕಳಿಸಿ.